ಓಆರ್‌ಎಸ್‌ನಲ್ಲಿ ಗ್ಲೂಕೋಸ್ ಇರುವುದು ಶಕ್ತಿಗಾಗಿ ಅಲ್ಲ

ಮಾನ್ಯ ಸಂಪಾದಕರೇ,

ಭೇದಿಯ ಬಗ್ಗೆ ಆರೋಗ್ಯ ಪುಟಗಳಲ್ಲಿ ಬರುವ ಲೇಖನಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣುತ್ತದೆ: ಓಆರ್‌ಎಸ್‌ನಲ್ಲಿರುವ ಉಪ್ಪು ಕಳೆದುಹೋದ ಲವಣವನ್ನು ತುಂಬುತ್ತದೆ, ಸಕ್ಕರೆ ಶಕ್ತಿ ಕೊಡುತ್ತದೆ. ಮೊದಲರ್ಧ ಸರಿ. ಉಳಿದರ್ಧ ತಪ್ಪು, ಮತ್ತು ಅದು ತೊಂದರೆ ಮಾಡುವ ತಪ್ಪು. ಒಂದು ಲೀಟರ್ ಓಆರ್‌ಎಸ್‌ನಲ್ಲಿರುವುದು 13.5 ಗ್ರಾಂ ಗ್ಲೂಕೋಸ್. ಅದರಿಂದ ಸಿಗುವುದು ಐವತ್ತು ಚಿಲ್ಲರೆ ಕ್ಯಾಲರಿ. ಸುಸ್ತಾದ ಮಗುವಿಗೆ ಅದು ಯಾವ ಮೂಲೆಗೂ ಸಾಲದು. ಆದರೆ ಸಕ್ಕರೆ ಶಕ್ತಿಗೆಂದು ನಂಬಿದವರು ಕರುಣೆಯಿಂದಲೇ ಇನ್ನೆರಡು ಚಮಚ ಹೆಚ್ಚು ಹಾಕುತ್ತಾರೆ, ಅದರಿಂದ ಭೇದಿ ಹೆಚ್ಚುತ್ತದೆ. ಆ ಗ್ಲೂಕೋಸ್‌ಗೆ ಇರುವ ಕೆಲಸ ಒಂದೇ: ಕರುಳಿನ ಗೋಡೆಯಲ್ಲಿ ಸೋಡಿಯಂಗೆ ಒಳಗೆ ಬರಲು ದಾರಿ ಮಾಡಿಕೊಡುವುದು. ಇದನ್ನು ಹೇಳದೆ ಅಳತೆಯನ್ನು ಮಾತ್ರ ಹೇಳಿದರೆ ಓದುಗರಿಗೆ ಆ ಅಳತೆಯನ್ನು ಪಾಲಿಸಲು ಕಾರಣವೇ ಸಿಗುವುದಿಲ್ಲ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಜೀವಕೋಶದ ಪೊರೆ ಕೊಬ್ಬಿನ ಎರಡು ಪದರ, ಎಲ್ಲ ಸೇರಿ ಐದು ನ್ಯಾನೋಮೀಟರ್ ಆಸುಪಾಸು. ಆವೇಶ ಹೊತ್ತು, ನೀರಿನ ಅಣುಗಳನ್ನು ಮೈಗೆ ಅಂಟಿಸಿಕೊಂಡಿರುವ ಸೋಡಿಯಂ ಅಯಾನು ಈ ಕೊಬ್ಬನ್ನು ತಾನಾಗಿ ದಾಟಲಾರದು. ಪೊರೆಯಲ್ಲಿ ಹುದುಗಿರುವ ಪ್ರೋಟೀನುಗಳು ಬಿಟ್ಟರೆ ಮಾತ್ರ ದಾಟಬೇಕು. ಕೋಶದ ಹೊರಗೆ ಸೋಡಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್ (ಕಣಗಳ ಎಣಿಕೆಯ ಅಳತೆ), ಒಳಗೆ 10ರಿಂದ 15. ಪೊಟ್ಯಾಸಿಯಂ ಇದಕ್ಕೆ ತದ್ವಿರುದ್ಧ: ಒಳಗೆ ಸುಮಾರು 140, ಹೊರಗೆ 4 ಅಥವಾ 5. ಈ ಅಂತರ ತಾನಾಗಿ ಉಳಿಯುವಂಥದ್ದಲ್ಲ. ಸೋಡಿಯಂ-ಪೊಟ್ಯಾಸಿಯಂ ಪಂಪ್ ಕೋಶದ ಇಂಧನವಾದ ಎಟಿಪಿಯ ಒಂದು ಅಣುವನ್ನು ಖರ್ಚು ಮಾಡಿ ಪ್ರತಿ ಸುತ್ತಿಗೆ ಮೂರು ಸೋಡಿಯಂ ಹೊರಗೆ ಹಾಕುತ್ತದೆ, ಎರಡು ಪೊಟ್ಯಾಸಿಯಂ ಒಳಗೆ ತರುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೂ ಇದನ್ನು ಏಡಿಯ ನರದಲ್ಲಿ ಗುರುತಿಸಿ 1957ರಲ್ಲಿ ಪ್ರಕಟಿಸಿದರು; ನೊಬೆಲ್ ಬಂದದ್ದು 1997ರಲ್ಲಿ, ನಲವತ್ತು ವರ್ಷಗಳ ನಂತರ. ನಾವು ಸುಮ್ಮನೆ ಮಲಗಿರುವಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಐದರಲ್ಲಿ ಒಂದು ಪಾಲಾದರೂ ಈ ಒಂದು ಪಂಪಿಗೇ ಹೋಗುತ್ತದೆ.

ಪಂಪ್ ನಿಧಾನ, ಸೆಕೆಂಡಿಗೆ ನೂರರ ಲೆಕ್ಕದಲ್ಲಿ ಅಯಾನುಗಳನ್ನು ಸಾಗಿಸುತ್ತದೆ. ಅಯಾನು ಕಾಲುವೆಗಳ ವೇಗವೇ ಬೇರೆ: ತೆರೆದಿರುವಷ್ಟು ಹೊತ್ತು ಸೆಕೆಂಡಿಗೆ ಕೋಟಿಯ ಲೆಕ್ಕದಲ್ಲಿ ಹರಿಯಬಿಡುತ್ತವೆ. ಇಷ್ಟು ವೇಗವಾಗಿ ಹರಿಸುತ್ತಲೇ ಆಯ್ಕೆ ಮಾಡುವುದು ಹೇಗೆ ಎಂಬುದು ಬಹುಕಾಲದ ಪ್ರಶ್ನೆಯಾಗಿತ್ತು. ಪೊಟ್ಯಾಸಿಯಂಗಿಂತ ಸೋಡಿಯಂ ಅಯಾನು ಗಾತ್ರದಲ್ಲಿ ಚಿಕ್ಕದು. ಆದರೂ ಪೊಟ್ಯಾಸಿಯಂ ಕಾಲುವೆ ದೊಡ್ಡದನ್ನು ಬಿಟ್ಟು ಚಿಕ್ಕದನ್ನು ತಡೆಯುತ್ತದೆ. ರಾಡ್ರಿಕ್ ಮೆಕಿನನ್ 1998ರಲ್ಲಿ ಬಿಡಿಸಿದ ಈ ಕಾಲುವೆಯ ರಚನೆ ಉತ್ತರ ಕೊಟ್ಟಿತು. ಕಾಲುವೆಯ ಕಿರಿದಾದ ಭಾಗದಲ್ಲಿ ಆಮ್ಲಜನಕದ ಪರಮಾಣುಗಳು ಸಾಲಾಗಿ ನಿಂತಿವೆ. ನೀರಿನ ಕವಚ ಕಳಚಿದ ಪೊಟ್ಯಾಸಿಯಂಗೆ ಅವು ಸರಿಯಾದ ದೂರದಲ್ಲಿದ್ದು ಆ ನೀರಿನ ನಷ್ಟವನ್ನು ತುಂಬಿಕೊಡುತ್ತವೆ. ಸೋಡಿಯಂ ಚಿಕ್ಕದಾದ್ದರಿಂದ ಅವನ್ನು ಸರಿಯಾಗಿ ಮುಟ್ಟಲಾಗದು. ನೀರು ಕಳಚಿ ಒಳಬರುವುದು ಅದಕ್ಕೆ ನಷ್ಟದ ಬಾಬ್ತು. ಶರೀರಕ್ರಿಯಾ ವಿಜ್ಞಾನದಲ್ಲಿ ಇದಕ್ಕಿಂತ ಸುಂದರವಾದ ವಿವರಣೆಗಳು ಹೆಚ್ಚಿಲ್ಲ ಎಂಬುದು ನನ್ನ ಅಭಿಪ್ರಾಯ.

ಇದುವರೆಗೆ ಹೇಳಿದ್ದು ಒಂಟಿ ಕೋಶದ ಕತೆ. ಕರುಳು, ಮೂತ್ರಪಿಂಡ, ಶ್ವಾಸನಾಳ, ಬೆವರಿನ ನಾಳಗಳ ಒಳಮೈಯನ್ನು ಮುಚ್ಚುವ ಅನುಲೇಪಕ ಪದರದಲ್ಲಿ, ಅಂದರೆ ಎಪಿಥೀಲಿಯಂನಲ್ಲಿ, ಕೋಶಕ್ಕೆ ಎರಡು ಮುಖ. ಒಂದು ಕೊಳವೆಯ ಟೊಳ್ಳಿನ ಕಡೆಗೆ, ಇನ್ನೊಂದು ರಕ್ತದ ಕಡೆಗೆ. ಎರಡೂ ಮುಖಗಳಲ್ಲಿ ಒಂದೇ ಬಗೆಯ ಪ್ರೋಟೀನುಗಳಿದ್ದರೆ ಅಯಾನುಗಳು ಎತ್ತಲೂ ಸಾಗುವುದಿಲ್ಲ. ದಿಕ್ಕು ಹುಟ್ಟುವುದು ಅಸಮಾನ ಹಂಚಿಕೆಯಿಂದ. ಕರುಳಿನಲ್ಲಿ, ಮೂತ್ರಪಿಂಡದೊಳಗಿನ ಸಣ್ಣ ಕೊಳವೆಗಳಾದ ಮೂತ್ರನಾಳಿಕೆಗಳಲ್ಲಿ ಸೋಡಿಯಂ ಪಂಪ್ ರಕ್ತದ ಮುಖದಲ್ಲಿ ಮಾತ್ರ ಇರುತ್ತದೆ. ಅದು ಕೋಶದೊಳಗಿನ ಸೋಡಿಯಂ ಅನ್ನು ಸದಾ ರಕ್ತದ ಕಡೆಗೆ ಎತ್ತಿಹಾಕುವುದರಿಂದ ಕೋಶದೊಳಗೆ ಸೋಡಿಯಂ ಕೊರತೆ. ಆ ಕೊರತೆಯನ್ನು ತುಂಬಲು ಟೊಳ್ಳಿನ ಕಡೆಯಿಂದ ಸೋಡಿಯಂ ಒಳನುಗ್ಗುತ್ತದೆ, ಬಾಗಿಲಿದ್ದರೆ. ಕಪ್ಪೆಯ ಚರ್ಮವನ್ನು ಎರಡು ದ್ರಾವಣಗಳ ನಡುವೆ ಬಿಗಿದು ವಿದ್ಯುತ್ ಪ್ರವಾಹ ಅಳೆದ ಹಾನ್ಸ್ ಉಸ್ಸಿಂಗ್ ತಮ್ಮ ಸಹೋದ್ಯೋಗಿ ಕೋಫೋಡ್-ಯೋನ್ಸನ್ ಜೊತೆ ಈ ಎರಡು ಪೊರೆಗಳ ಮಾದರಿಯನ್ನು 1958ರಲ್ಲಿ ಮುಂದಿಟ್ಟರು. ಅವರ ಆ ಸಾಧನ, ಉಸ್ಸಿಂಗ್ ಕೋಷ್ಠ, ಇಂದಿಗೂ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ.

ಸಣ್ಣ ಕರುಳಿನಲ್ಲಿರುವ ಅಂಥ ಬಾಗಿಲುಗಳಲ್ಲಿ ಒಂದರ ಹೆಸರು ಎಸ್‌ಜಿಎಲ್‌ಟಿ-1. ಅದು ಒಂದು ಗ್ಲೂಕೋಸ್ ಅಣುವನ್ನು ಎರಡು ಸೋಡಿಯಂ ಅಯಾನುಗಳ ಜೊತೆಗೆ ಸಾಗಿಸುತ್ತದೆ. ಸೋಡಿಯಂ ಕೂತು ಗ್ಲೂಕೋಸ್ ಬರದಿದ್ದರೆ ಸಾಗಣೆ ನಡೆಯುವುದಿಲ್ಲವೆಂದೇ ಹೇಳಬಹುದು. ಗ್ಲೂಕೋಸ್ ಮಾತ್ರ ಇದ್ದರೂ ಅಷ್ಟೇ. ಒಳಗೆ ಬಂದ ಸೋಡಿಯಂ ಅನ್ನು ಪಂಪ್ ರಕ್ತದ ಕಡೆಗೆ ತಳ್ಳುತ್ತದೆ, ಗ್ಲೂಕೋಸ್ ಬೇರೊಂದು ವಾಹಕದ ಮೂಲಕ ಅದೇ ಕಡೆ ಇಳಿಯುತ್ತದೆ, ಆವೇಶ ಸರಿದೂಗಿಸಲು ಕ್ಲೋರೈಡ್ ಹಿಂಬಾಲಿಸುತ್ತದೆ, ಇವೆಲ್ಲ ಹೋದ ಕಡೆಗೆ ನೀರು ಹೋಗುತ್ತದೆ. ಸೋಡಿಯಂ ಮತ್ತು ಗ್ಲೂಕೋಸ್ ಹೀಗೆ ಜೋಡಿಯಾಗಿ ಸಾಗುತ್ತವೆ ಎಂದು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಮಂಡಿಸಿದರು.

ಕಾಲರಾದಲ್ಲಿ ಕೆಡುವುದು ಈ ಬಾಗಿಲಲ್ಲ ಎಂಬುದೇ ಮುಖ್ಯ ಸಂಗತಿ. ಕಾಲರಾ ಒಂದು ವಿಷದ ಕೆಲಸ ಎಂದು ಕಲ್ಕತ್ತೆಯ ಶಂಭುನಾಥ ಡೇ 1959ರಲ್ಲಿ ಮೊಲದ ಕರುಳಿನಲ್ಲಿ ತೋರಿಸಿದ್ದರು. ಆ ವಿಷ ಕರುಳಿನ ಕೋಶದೊಳಗೆ ಹೋಗಿ ಸಂಕೇತ ಸಾಗಿಸುವ ಒಂದು ಜಿ-ಪ್ರೋಟೀನನ್ನು ಚಾಲೂ ಸ್ಥಿತಿಯಲ್ಲೇ ಕಟ್ಟಿಹಾಕುತ್ತದೆ. ಇದರಿಂದ ಕೋಶದೊಳಗಿನ ಸಂದೇಶವಾಹಕ ಅಣುವಾದ ಸೈಕ್ಲಿಕ್ ಎಎಂಪಿ ಏರುತ್ತದೆ. ಟೊಳ್ಳಿನ ಮುಖದಲ್ಲಿರುವ ಸಿಎಫ್‌ಟಿಆರ್ ಎಂಬ ಕ್ಲೋರೈಡ್ ಕಾಲುವೆ ತೆರೆದುಕೊಂಡು ಮುಚ್ಚುವುದನ್ನೇ ಮರೆಯುತ್ತದೆ. ಕ್ಲೋರೈಡ್ ಹೊರಬೀಳುತ್ತದೆ, ಅದರ ಸೆಳೆತಕ್ಕೆ ಸೋಡಿಯಂ ಕೋಶಗಳ ಸಂದಿಯಿಂದ ಹೋಗುತ್ತದೆ, ನೀರು ಹಿಂದೆಯೇ. ಇದೇ ವೇಳೆ ಸೋಡಿಯಂ ಹೀರುವ ಮತ್ತೊಂದು ದಾರಿ, ಎನ್‌ಎಚ್‌ಇ-3, ಅದುಮಲ್ಪಡುತ್ತದೆ. ತೀವ್ರ ಕಾಲರಾದಲ್ಲಿ ವಯಸ್ಕರು ಗಂಟೆಗೆ ಒಂದು ಲೀಟರಿನವರೆಗೂ ದ್ರವ ಕಳೆದುಕೊಳ್ಳಬಹುದು.

ಇಲ್ಲಿ ಗಮನಿಸಬೇಕಾದದ್ದು: ಸ್ರವಿಸುವ ಕೋಶದಲ್ಲೂ ಪಂಪ್ ರಕ್ತದ ಮುಖದಲ್ಲೇ ಇದೆ. ಬದಲಾಗಿರುವುದು ಸೋಡಿಯಂ ಒಳಬರುವ ಬಾಗಿಲಿನ ಜಾಗ. ಹೀರುವ ಕೋಶದಲ್ಲಿ ಅದು ಟೊಳ್ಳಿನ ಕಡೆ. ಸ್ರವಿಸುವ ಕೋಶದಲ್ಲಿ ಅದು ರಕ್ತದ ಕಡೆ, ಎನ್‌ಕೆಸಿಸಿ-1 ಎಂಬ ವಾಹಕ. ಒಂದು ಸೋಡಿಯಂ, ಒಂದು ಪೊಟ್ಯಾಸಿಯಂ, ಎರಡು ಕ್ಲೋರೈಡ್‌ಗಳನ್ನು ಒಟ್ಟಿಗೆ ತರುತ್ತದೆ. ಸೋಡಿಯಂ ಪಂಪಿನಿಂದ ಹಿಂದಿರುಗುತ್ತದೆ, ಪೊಟ್ಯಾಸಿಯಂ ತನ್ನ ಕಾಲುವೆಯಿಂದ ಹಿಂದಿರುಗುತ್ತದೆ, ಕ್ಲೋರೈಡ್ ಮಾತ್ರ ಕೋಶದಲ್ಲಿ ಶೇಖರವಾಗಿ ಸಿಎಫ್‌ಟಿಆರ್ ತೆರೆಯುವುದನ್ನು ಕಾಯುತ್ತದೆ. ಸಿಎಫ್‌ಟಿಆರ್ ಹುಟ್ಟಿನಿಂದಲೇ ಕೆಟ್ಟಿದ್ದರೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆ. ಶ್ವಾಸನಾಳದಲ್ಲಿ ಕ್ಲೋರೈಡ್ ಹೊರಬಾರದೆ ಲೋಳೆ ಗಟ್ಟಿಯಾಗುತ್ತದೆ. ಬೆವರಿನ ನಾಳದಲ್ಲಿ ಅದೇ ಕಾಲುವೆ ಕ್ಲೋರೈಡ್ ಹೀರಿಕೊಳ್ಳಬೇಕಾದದ್ದರಿಂದ ಬೆವರು ಉಪ್ಪುಪ್ಪಾಗುತ್ತದೆ. ಬೆವರಿನ ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ಅಥವಾ ಹೆಚ್ಚಿದ್ದರೆ ಆ ಕಾಯಿಲೆಯ ಗುರುತು, 30ಕ್ಕಿಂತ ಕಡಿಮೆಯಿದ್ದರೆ ಸಾಧ್ಯತೆ ಕಡಿಮೆ.

ಮತ್ತೆ ಭೇದಿಗೆ ಬರೋಣ. ಕಾಲರಾ ವಿಷ ಎಸ್‌ಜಿಎಲ್‌ಟಿ-1 ಅನ್ನು ಮುಟ್ಟುವುದಿಲ್ಲ. ಆದ್ದರಿಂದ ಬರೀ ಉಪ್ಪುನೀರು ಕುಡಿಸಿದರೆ ಬಹುಪಾಲು ಹಾಗೇ ಇಳಿದುಹೋಗುತ್ತದೆ, ಗ್ಲೂಕೋಸ್ ಜೊತೆಗಿದ್ದರೆ ಸೋಡಿಯಂ ಒಳಸೇರುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿದ್ದ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ರಕ್ತನಾಳಕ್ಕೆ ಕೊಡುವ ದ್ರವ ಸಾಲದೆ ಬಂದಾಗ ವೈದ್ಯ ದಿಲೀಪ್ ಮಹಾಲನೋಬಿಸ್ ಬಾಯಿಯ ಮೂಲಕ ಕೊಡುವ ದ್ರಾವಣವನ್ನೇ ನೆಚ್ಚಿದರು; ಅವರ ತಂಡ ನೋಡಿಕೊಂಡ ರೋಗಿಗಳಲ್ಲಿ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿತ್ತು, ಅದಕ್ಕೆ ಮೊದಲು ಸುಮಾರು ಶೇ 30 ಇತ್ತು.

ಈಗಿನ ಸೂತ್ರವನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2002ರಲ್ಲಿ ನಿಗದಿ ಮಾಡಿದವು. ಒಂದು ಲೀಟರ್ ನೀರಿಗೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಮಿಲಿಮೋಲ್ ಲೆಕ್ಕದಲ್ಲಿ ಸೋಡಿಯಂ 75, ಗ್ಲೂಕೋಸ್ 75, ಕ್ಲೋರೈಡ್ 65, ಪೊಟ್ಯಾಸಿಯಂ 20, ಸಿಟ್ರೇಟ್ 10, ಕೂಡಿದರೆ ಒಟ್ಟು ಸಾಂದ್ರತೆ 245. ಹಳೆಯ ಸೂತ್ರದಲ್ಲಿ ಇದು 311 ಇತ್ತು, ರಕ್ತದ ಸಾಂದ್ರತೆಗಿಂತ ತುಸು ಹೆಚ್ಚು. ಕಡಿಮೆ ಸಾಂದ್ರತೆಯ ದ್ರಾವಣದಿಂದ ನೀರು ಕರುಳಿನೊಳಗಿಂದ ರಕ್ತದ ಕಡೆಗೆ ಸುಲಭವಾಗಿ ಸಾಗುತ್ತದೆ. ಹೊಸ ಸೂತ್ರದಲ್ಲಿ ಮಕ್ಕಳ ಭೇದಿಯ ಪ್ರಮಾಣ ಸುಮಾರು ಶೇ 20ರಷ್ಟು, ವಾಂತಿ ಶೇ 30ರಷ್ಟು, ರಕ್ತನಾಳಕ್ಕೆ ದ್ರವ ಏರಿಸಬೇಕಾದ ಸಂದರ್ಭಗಳು ಶೇ 33ರಷ್ಟು ಇಳಿದವು.

ಅಳತೆ ತಪ್ಪಿದರೆ ಆಗುವುದನ್ನು ಈ ಅಂಕಿಗಳ ಮೇಲೇ ನೋಡಬಹುದು. ಒಂದು ಲೀಟರಿನ ಪೊಟ್ಟಣವನ್ನು ಅರ್ಧ ಲೀಟರಿಗೆ ಕದಡಿದರೆ ಸಾಂದ್ರತೆ 490ಕ್ಕೆ ಏರುತ್ತದೆ, ಸೋಡಿಯಂ 150 ಆಗುತ್ತದೆ. ಒಳಗಿನ ನೀರು ಕರುಳಿಗೆ ಸುರಿಯುತ್ತದೆ, ಸೇರಿಕೊಂಡ ಸೋಡಿಯಂ ರಕ್ತದಲ್ಲಿ ಏರುತ್ತದೆ. ಹಸುಗೂಸಿನಲ್ಲಿ ಇದು ಮಿದುಳಿಗೆ ಅಪಾಯ. ಎರಡು ಲೀಟರಿಗೆ ಕದಡಿದರೆ ಸೋಡಿಯಂ 37.5ಕ್ಕೆ ಇಳಿದು, ನಷ್ಟ ತುಂಬದೆ ರಕ್ತದ ಸೋಡಿಯಂ ಕುಸಿಯಬಹುದು. ಕೋಲಾದಂಥ ಪಾನೀಯಗಳಲ್ಲಿ ಲೀಟರಿಗೆ ಸುಮಾರು 100 ಗ್ರಾಂ ಸಕ್ಕರೆ, ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ. ಎಸ್‌ಜಿಎಲ್‌ಟಿ-1ಗೆ ಜೋಡಿಯೇ ಸಿಗುವುದಿಲ್ಲ, ಹೀರಿಕೆಯಾಗದೆ ಉಳಿದ ಸಕ್ಕರೆ ನೀರನ್ನು ಕರುಳಿನಲ್ಲೇ ಹಿಡಿದಿಡುತ್ತದೆ. ಭೇದಿಯಾದ ಮಗುವಿಗೆ ಇವನ್ನು ಓಆರ್‌ಎಸ್ ಬದಲಿಗೆ ಕೊಡಲೇಬಾರದು. ಅಂಗಡಿಯಲ್ಲಿ ಓಆರ್‌ಎಸ್‌ನ ಹೆಸರನ್ನು ಹೋಲುವ ಸಿಹಿ ಪಾನೀಯ ಸಿಕ್ಕರೂ ಲೇಬಲ್ಲಿನಲ್ಲಿ ಸೋಡಿಯಂ 75, ಗ್ಲೂಕೋಸ್ 75 ಇದೆಯೇ ಎಂದು ನೋಡಬೇಕು.

ಪೊಟ್ಟಣ ಸಿಗದಿದ್ದಾಗ ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾದ ಅರ್ಧ ಟೀ ಚಮಚ ಉಪ್ಪು, ಸಮತಟ್ಟಾದ ಆರು ಟೀ ಚಮಚ ಸಕ್ಕರೆ. ಸಕ್ಕರೆ ಕರುಳಿನ ಅಂಚಿನಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಫ್ರಕ್ಟೋಸ್ ಸೋಡಿಯಂ ಅನ್ನು ಜೊತೆಗೆ ಕರೆದೊಯ್ಯುವುದಿಲ್ಲ, ಬೇರೆ ಬಾಗಿಲಿನಿಂದ ಒಂಟಿಯಾಗಿ ಹೋಗುತ್ತದೆ; ಹಾಕಿದ ಸಕ್ಕರೆಯಲ್ಲಿ ಅರ್ಧ ಪಾಲು ಮಾತ್ರ ನಮ್ಮ ಕೆಲಸಕ್ಕೆ ಬರುತ್ತದೆ. ಈ ದ್ರಾವಣದಲ್ಲಿ ಪೊಟ್ಯಾಸಿಯಂ ಇಲ್ಲ, ಸಿಟ್ರೇಟ್ ಇಲ್ಲ. ಆದ್ದರಿಂದ ಇದು ಪೊಟ್ಟಣ ಸಿಗುವವರೆಗಿನ ಏರ್ಪಾಡು. ಕಲಸಿದ ಓಆರ್‌ಎಸ್ ಕುದಿಸಬಾರದು, 24 ಗಂಟೆ ಕಳೆದರೆ ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಮುಂದುವರಿಸಬೇಕು. ಜೊತೆಗೆ ಸತು: ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕೂ ಚಿಕ್ಕವರಿಗೆ 10, ಹತ್ತರಿಂದ ಹದಿನಾಲ್ಕು ದಿನ. ಮಗು ಮಂಪರಾಗಿದ್ದರೆ, ಕುಡಿಯಲಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಇನ್ನೊಂದು ತಪ್ಪು ಕಲ್ಪನೆಯೂ ಆರೋಗ್ಯ ಪುಟಗಳಲ್ಲಿ ಬೇರೂರುತ್ತಿದೆ. 'ಸೋರುವ ಕರುಳು' ಎಂಬ ಹೆಸರಿನಲ್ಲಿ ಎಲ್ಲ ಕಾಯಿಲೆಗಳಿಗೂ ಕರುಳಿನ ಸೋರಿಕೆಯೇ ಮೂಲ, ಅದನ್ನು ಮುಚ್ಚಬೇಕು ಎನ್ನುವ ಬರಹಗಳು. ಅನುಲೇಪಕ ಕೋಶಗಳ ನಡುವಿನ ಬಿಗಿ ಸಂಧಿ ಇಟ್ಟಿಗೆಗಳ ನಡುವಿನ ಗಾರೆಯಂತೆ ಬರೀ ಮುಚ್ಚುವ ವಸ್ತುವಲ್ಲ. ಅದರಲ್ಲಿ ಕ್ಲಾಡಿನ್ ಎಂಬ ಪ್ರೋಟೀನುಗಳ ದೊಡ್ಡ ಕುಟುಂಬವಿದೆ. ಜಪಾನಿನ ಶೊಯಿಚಿರೊ ತ್ಸುಕಿತಾ ಅವರ ತಂಡ 1998ರಲ್ಲಿ ಇವನ್ನು ಕಂಡುಹಿಡಿಯಿತು. ಕೆಲವು ಕ್ಲಾಡಿನ್‌ಗಳು ಸಂದಿಯನ್ನು ಮುಚ್ಚುತ್ತವೆ, ಕೆಲವು ಆಯ್ದ ಅಯಾನುಗಳಿಗೆ ರಂಧ್ರವಾಗುತ್ತವೆ. ಕ್ಲಾಡಿನ್-2 ಸೋಡಿಯಂನಂಥ ಧನ ಅಯಾನುಗಳನ್ನು ಬಿಡುತ್ತದೆ. ಒಂದು ಚದರ ಸೆಂಟಿಮೀಟರ್ ಪದರದ ವಿದ್ಯುತ್ ಪ್ರತಿರೋಧ ಅಳೆದರೆ ಮೂತ್ರನಾಳಿಕೆಯ ಮೊದಲ ಭಾಗದಲ್ಲಿ ಹತ್ತು ಓಮ್‌ ಆಸುಪಾಸು, ಮೂತ್ರಕೋಶದಲ್ಲಿ ಹತ್ತು ಸಾವಿರಕ್ಕೂ ಮೇಲೆ. ಮೊದಲನೆಯದು ಸೋರುವುದು ದೋಷವಲ್ಲ. ಎರಡೂ ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಅದರ ಮೂರನೇ ಎರಡು ಭಾಗವನ್ನು ಅಲ್ಲೇ ವಾಪಸು ಪಡೆಯಬೇಕಾದರೆ ಸಂದಿ ಸಡಿಲವಾಗಿರಲೇಬೇಕು. ಮೂತ್ರಕೋಶ ಮಾತ್ರ ಮೂತ್ರವನ್ನು ಗಂಟೆಗಟ್ಟಲೆ ಹಿಡಿದಿಡಬೇಕು, ಆದ್ದರಿಂದ ಅಲ್ಲಿ ಬಿಗಿ. ಕ್ಲಾಡಿನ್-16 ಕೆಟ್ಟವರಲ್ಲಂತೂ ಕಾಯಿಲೆ ಬರುವುದು ಇರಬೇಕಾದ ದಾರಿ ಇಲ್ಲದೆಹೋದದ್ದರಿಂದ: ಮೂತ್ರನಾಳಿಕೆಯಲ್ಲಿ ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ರಕ್ತಕ್ಕೆ ಮರಳಲಾಗದೆ ಮೂತ್ರದಲ್ಲಿ ಹೋಗುತ್ತವೆ, ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಕಟ್ಟುತ್ತದೆ. ಕರುಳಿನ ಉರಿಯೂತದ ಕಾಯಿಲೆಗಳಲ್ಲಿ ಸಂಧಿ ಸಡಿಲವಾಗುವುದು ನಿಜ. ಆದರೆ ಯಾವ ಅಂಗದ, ಯಾವ ಸಂದಿ, ಯಾವ ಅಯಾನನ್ನು ಎಂದು ಹೇಳದೆ ಸೋರಿಕೆಯ ಬಗ್ಗೆ ಬರೆಯುವುದಕ್ಕೆ ಅರ್ಥವಿಲ್ಲ.

ಮೂತ್ರ ಹೆಚ್ಚಿಸುವ ಮಾತ್ರೆಗಳನ್ನು ನುಂಗುವವರಿಗೂ ಈ ತಿಳಿವಳಿಕೆ ನೇರವಾಗಿ ಬೇಕು. ಫ್ಯುರೋಸೆಮೈಡ್ ತಡೆಯುವುದು ಮೂತ್ರನಾಳಿಕೆಯ ಬಾಗಿದ ಭಾಗವಾದ ಹೆನ್ಲೆ ಕುಣಿಕೆಯ ದಪ್ಪ ಭಾಗದ ಎನ್‌ಕೆಸಿಸಿ-2 ವಾಹಕವನ್ನು. ಸೋಸಿದ ಸೋಡಿಯಂನಲ್ಲಿ ಕಾಲು ಭಾಗ ಮರಳುವ ಜಾಗ ಅದು. ತಡೆದಾಗ ಸೋಡಿಯಂ ಮುಂದಿನ ಸಂಗ್ರಹನಾಳಕ್ಕೆ ಹೆಚ್ಚಾಗಿ ಹರಿಯುತ್ತದೆ. ಅಲ್ಲಿನ ಇನ್ಯಾಕ್ ಎಂಬ ಸೋಡಿಯಂ ಕಾಲುವೆ ಅದನ್ನು ಒಳಗೆಳೆದಾಗ ಟೊಳ್ಳು ಋಣ ಆವೇಶದ್ದಾಗಿ ಪೊಟ್ಯಾಸಿಯಂ ಹೊರಗೆ ಸೆಳೆಯಲ್ಪಡುತ್ತದೆ. ಉಪ್ಪು ಹೋಗಲೆಂದು ಕೊಟ್ಟ ಮಾತ್ರೆಯಿಂದ ಪೊಟ್ಯಾಸಿಯಂ ಇಳಿಯುವುದು ಹೀಗೆ. ಮೆಗ್ನೀಸಿಯಂ ಅನ್ನು ಸಂದಿಯಿಂದ ಒಳತಳ್ಳುತ್ತಿದ್ದ ವಿದ್ಯುತ್ ಒತ್ತಡವೂ ಕುಸಿಯುವುದರಿಂದ ಅದೂ ಸೋರುತ್ತದೆ, ಮತ್ತು ಮೆಗ್ನೀಸಿಯಂ ಸರಿಯಾಗದೆ ಪೊಟ್ಯಾಸಿಯಂ ಮೇಲೇರುವುದು ಕಷ್ಟ. ಸ್ಪೈರೊನೊಲ್ಯಾಕ್ಟೋನ್ ಮತ್ತು ಅಮಿಲೊರೈಡ್ ಇದಕ್ಕೆ ವಿರುದ್ಧ: ಮೊದಲನೆಯದು ಆಲ್ಡೊಸ್ಟೆರೋನ್ ಹಾರ್ಮೋನಿನ ಕೆಲಸ ತಡೆಯುವ ಮೂಲಕ, ಎರಡನೆಯದು ನೇರವಾಗಿ ಇನ್ಯಾಕ್ ಅನ್ನು ತಗ್ಗಿಸಿ ಪೊಟ್ಯಾಸಿಯಂ ಉಳಿಸುತ್ತವೆ. ಇವನ್ನು ತೆಗೆದುಕೊಳ್ಳುವವರು 'ಕಡಿಮೆ ಸೋಡಿಯಂ ಉಪ್ಪು' ಬಳಸುವ ಮುನ್ನ ವೈದ್ಯರನ್ನು ಕೇಳಬೇಕು. ಅದರಲ್ಲಿ ಸೋಡಿಯಂ ಬದಲಿಗೆ ಸೇರಿಸಿರುವುದು ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್. ಹೋಗುವ ದಾರಿ ಕಿರಿದಾಗಿರುವಾಗ ಅದು ರಕ್ತದಲ್ಲಿ ಶೇಖರವಾಗುತ್ತದೆ. ರಕ್ತದೊತ್ತಡಕ್ಕೆ ಈ ಉಪ್ಪು ಒಳ್ಳೆಯದೆಂದು ಬರೆಯುವ ಲೇಖನಗಳಲ್ಲಿ ಈ ಎಚ್ಚರಿಕೆ ಬಿಟ್ಟುಹೋಗುವುದು ಗಂಭೀರ ಲೋಪ.

ಕೊನೆಯದಾಗಿ, ರಕ್ತ ಪರೀಕ್ಷೆಯ ಪೊಟ್ಯಾಸಿಯಂ. ವಯಸ್ಕರಲ್ಲಿ ಸಹಜ ಮಿತಿ ಲೀಟರಿಗೆ 3.5ರಿಂದ 5 ಮಿಲಿಮೋಲ್. ದೇಹದ ಒಟ್ಟು ಪೊಟ್ಯಾಸಿಯಂನಲ್ಲಿ ಸುಮಾರು ಶೇ 98 ಕೋಶಗಳೊಳಗೇ ಇರುವುದರಿಂದ, ಕೊಳವೆಯಲ್ಲಿ ಕೆಂಪು ರಕ್ತಕಣಗಳು ಸ್ವಲ್ಪ ಒಡೆದರೂ ಅಂಕಿ ಸುಳ್ಳಾಗಿ ಏರುತ್ತದೆ. ಸಣ್ಣ ಸೂಜಿಯಿಂದ ಬಲವಾಗಿ ಎಳೆದರೆ, ಕೊಳವೆಯನ್ನು ಕುಲುಕಿದರೆ ಕಣಗಳು ಒಡೆಯುತ್ತವೆ. ಪಟ್ಟಿ ಬಿಗಿದ ಕೈಯ ಮುಷ್ಟಿಯನ್ನು ಮತ್ತೆ ಮತ್ತೆ ಬಿಗಿಯುವುದರಿಂದ ಸ್ನಾಯುವಿನ ಪೊಟ್ಯಾಸಿಯಂ ಹೊರಬರುತ್ತದೆ. ಬೇರ್ಪಡಿಸದ ರಕ್ತವನ್ನು ಫ್ರಿಜ್‌ನಲ್ಲಿಟ್ಟರೆ ಕೆಡದೆ ಉಳಿಯುತ್ತದೆಂದು ಅನ್ನಿಸುತ್ತದೆ, ಆದರೆ ಚಳಿಯಲ್ಲಿ ಸೋಡಿಯಂ ಪಂಪ್ ನಿಲ್ಲುತ್ತದೆ. ಕಣ ಒಡೆಯದಿದ್ದರೂ ಪೊಟ್ಯಾಸಿಯಂ ಹೊರಗೆ ಜಿನುಗುತ್ತಲೇ ಇರುತ್ತದೆ. ಹಾಗೆಂದು ಏರಿದ ಅಂಕಿಯನ್ನು ಓದುಗರು ತಾವೇ ಸುಳ್ಳೆಂದು ತಳ್ಳಿಹಾಕಬಾರದು, 6.5 ದಾಟಿದ ನಿಜವಾದ ಏರಿಕೆ ಹೃದಯದ ಲಯವನ್ನು ಕೆಡಿಸಬಲ್ಲದು. ಅಂಥ ವರದಿ ಬಂದ ದಿನವೇ ವೈದ್ಯರನ್ನು ಕಂಡು, ರಕ್ತ ತೆಗೆದ ವೇಳೆ, ಸೀರಂ ಬೇರ್ಪಡಿಸಿದ ವೇಳೆ, ಮಾದರಿಯಲ್ಲಿ ಕಣಗಳು ಒಡೆದಿದ್ದವೇ ಎಂಬುದನ್ನು ವಿಚಾರಿಸಿ, ಇಸಿಜಿ ಮಾಡಿಸಿ, ಅನುಮಾನವಿದ್ದರೆ ಮರುಪರೀಕ್ಷೆ ಕೇಳಬೇಕು. ನಿಮ್ಮ ಆರೋಗ್ಯ ಪುಟದಲ್ಲಿ ಪೊಟ್ಯಾಸಿಯಂ ಬಗ್ಗೆ ಮುಂದೆ ಲೇಖನ ಬಂದಾಗ ಈ ನಾಲ್ಕು ಮಾತುಗಳನ್ನು, ಓಆರ್‌ಎಸ್ ಬಗ್ಗೆ ಬಂದಾಗ 'ಒಂದು ಪೊಟ್ಟಣಕ್ಕೆ ಎಷ್ಟು ನೀರು' ಎಂಬುದನ್ನು ದಪ್ಪ ಅಕ್ಷರಗಳಲ್ಲಿ ಸೇರಿಸಬೇಕೆಂದು ಕೋರುತ್ತೇನೆ.

ಇಂತಿ,
ಶರೀರಕ್ರಿಯಾ ವಿಜ್ಞಾನದ ಬೋಧಕರೊಬ್ಬರು